ನೀರಿಗಿಳಿದ ಹೃದಯ

ತೆರೆಯ ಮೇಲೆ ನೀಲಗಂಗಾಳ ಹೃದಯ ನಿಂತುಹೋದಾಗ ನೀಲಗಂಗಾ ಪಕ್ಕದ ಕುರ್ಚಿಯಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು.

ಅವಳ ತಂದೆ ಸಿದರಾಯನಿಗೆ ಮೊದಲು ಏನಾಯಿತೆಂದೇ ತಿಳಿಯಲಿಲ್ಲ. ಗೋಡೆಯಗಲದ ತೆರೆಯಲ್ಲಿ ಅಷ್ಟು ಹೊತ್ತು ಮುದುಡಿ ಅರಳಿ, ಮುದುಡಿ ಅರಳಿ ಬಡಿಯುತ್ತಿದ್ದದ್ದು ಒಮ್ಮೆ ತಡವರಿಸಿತು. ಮರುಕ್ಷಣ ಬಡಿತವೆಲ್ಲ ಕಲಸಿಹೋಗಿ ಇಡೀ ಹೃದಯ ಸುಮ್ಮನೆ ಕಂಪಿಸತೊಡಗಿತು. ಆ ಕಂಪನವೂ ಸಣ್ಣದಾಗುತ್ತ ಹೋಗಿ ಕಡೆಗೆ ಏನೂ ಉಳಿಯಲಿಲ್ಲ. ಮೂಲೆಯಲ್ಲಿ ಕೆಂಪಕ್ಷರದ ಒಂದು ಸಾಲು ಮೂಡಿತು: ತಣ್ಣೀರು, ಈಜು, ಮೂರನೇ ನಿಮಿಷ.

“ಏನಾತ್ರಿ ಮೇಡಂ?” ಸಿದರಾಯ ಎದ್ದು ನಿಂತಿದ್ದ. “ಯಾಕ ನಿಂತಿತದು?”

“ಕೂಡ್ರಿ. ನಿಂತದ್ದು ಜೋಡಿ,” ಎಂದರು ಡಾಕ್ಟರ್ ಶಹನಾಜ್ ಇನಾಮದಾರ. “ನಿಮ್ಮ ಮಗಳ ಹೃದಯ ಬಡೀಲಿಕ್ಕತ್ತದ. ಬೇಕಾದ್ರ ಆಕಿ ಕೈ ಹಿಡ್ದು ನೋಡ್ರಿ.”

ಸಿದರಾಯ ನಿಜವಾಗಿಯೂ ಮಗಳ ಮಣಿಕಟ್ಟು ಹಿಡಿದ. ವೆಲ್ಡಿಂಗ್ ಮಾಡಿ ಮಾಡಿ ಜಡ್ಡುಗಟ್ಟಿದ ಅವನ ಬೆರಳಿಗೆ ನಾಡಿ ಸಿಗಲೇ ಇಲ್ಲ. ಸಿಗದೆ ಇನ್ನಷ್ಟು ಗಾಬರಿಯಾದ. “ಅಪ್ಪಾ, ಜೀವಂತ ಅದೀನಿ ಬಿಡು,” ಎಂದು ನೀಲಗಂಗಾ ಕೈ ಬಿಡಿಸಿಕೊಂಡಳು. ಆದರೆ ಉಳಿದರ್ಧ ಬಾಳೆಹಣ್ಣನ್ನು ಅವಳು ಮತ್ತೆ ಬಾಯಿಗೆ ಒಯ್ಯಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದೇ ಹಂಗಾಮಿನಲ್ಲಿ ಆರು ಎಳೆಯ ಆಟಗಾರರು ಆಡುತ್ತಾಡುತ್ತಲೇ ಕುಸಿದು ಸತ್ತರು. ಆರೂ ಮಂದಿಯ ಇಸಿಜಿ ಸರಿಯಾಗಿಯೇ ಇತ್ತು. ಆಮೇಲೆ ಬಂದದ್ದು ಈ ನಿಯಮ: ರಾಷ್ಟ್ರಮಟ್ಟಕ್ಕೆ ಹೋಗುವ ಪ್ರತಿಯೊಬ್ಬರ ಜೋಡಿಹೃದಯ ತಯಾರಾಗಬೇಕು. ಆಟಗಾರನ ಎಂಆರ್‌ಐ, ರಕ್ತ, ಮೂರು ದಿನ ಎದೆಗೆ ಅಂಟಿಸಿದ ಪಟ್ಟಿ ಬರೆದುಕೊಂಡ ಬಡಿತ, ಇಷ್ಟನ್ನೂ ಕೂಡಿಸಿ ಗಣಕಯಂತ್ರ ಆ ಹೃದಯದ್ದೇ ಒಂದು ನಕಲನ್ನು ಕಟ್ಟುತ್ತದೆ, ಒಂದೊಂದು ಜೀವಕೋಶವನ್ನೂ ಬಿಡದೆ. ಆಮೇಲೆ ಅದನ್ನು ದುಡಿಸುತ್ತಾರೆ. ಬಿಸಿಲಲ್ಲಿ, ಜ್ವರದಲ್ಲಿ, ನಿದ್ದೆಗೆಟ್ಟು, ಹೆದರಿ, ಏರು ಹತ್ತಿ, ನೀರಿಗಿಳಿದು. ಜೀವಂತ ಹೃದಯ ಒಂದು ಜನ್ಮದಲ್ಲಿ ಪಡುವ ಪಾಡನ್ನೆಲ್ಲ ಜೋಡಿ ಒಂದು ಮುಂಜಾನೆಯಲ್ಲಿ ಪಟ್ಟು ಮುಗಿಸುತ್ತದೆ. ವಿಜಯಪುರದ ಹೊರವಲಯದ ಈ ಕೇಂದ್ರದಲ್ಲಿ ಅದುವರೆಗೆ ಸಾವಿರದ ಮೇಲೆ ಜೋಡಿಗಳು ಬಡಿದಿದ್ದವು. ನಿಂತದ್ದು ಒಂಬತ್ತು. ನೀಲಗಂಗಾಳದು ಹತ್ತನೆಯದು.

“ಸೈಕಲ್ ಮ್ಯಾಲ ನಿಂತಿಲ್ಲಲ್ರಿ?” ಎಂದು ನೀಲಗಂಗಾ ಕೇಳಿದಳು. ಹದಿನೇಳರ ಹುಡುಗಿ, ಎರಡು ವರ್ಷದಿಂದ ಸೈಕ್ಲಿಂಗ್ ಹಾಸ್ಟೆಲಿನಲ್ಲಿದ್ದಳು. ಇನ್ನು ಹನ್ನೆರಡು ದಿನಕ್ಕೆ ರಾಷ್ಟ್ರೀಯ ತಂಡದ ಆಯ್ಕೆ ಇತ್ತು.

“ಸಾವಿರ ಸರ್ತಿ ನೀರಿಗಿಳಿಸಿದ್ರ ಮೂರು ಸರ್ತಿ ನಿಂತದ. ಸೈಕಲ್ ಮ್ಯಾಲ ಹತ್ತು ಸಾವಿರಕ್ಕ ಎರಡು.”

“ಹತ್ತು ಸಾವಿರದಾಗ ಎರಡಾ! ಅಷ್ಟಕ್ಕ ಬಿಡಬೇಕೇನ್ರಿ?”

“ನೀ ವರ್ಷಕ್ಕ ಎಷ್ಟು ದಿನ ಸೈಕಲ್ ಹೊಡೀತಿ, ನೀಲಾ?”

ಹುಡುಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಲೆಕ್ಕ ಮುಗಿದದ್ದು ಅವಳ ಮುಖದಲ್ಲಿ ಕಂಡಿತು.

ಶಹನಾಜ್ ತಿಳಿಸಿ ಹೇಳಿದರು. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಮುಂದಿನ ಬಡಿತಕ್ಕೆ ಸಜ್ಜಾಗಬೇಕು. ಅದಕ್ಕೆ ಅವುಗಳ ಮೈಯಲ್ಲಿ ಸೂಕ್ಷ್ಮವಾದ ಬಾಗಿಲುಗಳಿವೆ. ನೀಲಗಂಗಾಳ ಹೃದಯದಲ್ಲಿ ಆ ಬಾಗಿಲು ಕೊಂಚ ತಡವಾಗಿ ತೆರೆಯುತ್ತದೆ. ಸುಮ್ಮನೆ ಕೂತಾಗ ಅದರಿಂದ ಏನೂ ಕೆಡುವುದಿಲ್ಲ. ಓಡುವಾಗಲೂ ಬಹುಪಾಲು ನಿಭಾಯಿಸುತ್ತದೆ. ಆದರೆ ತಣ್ಣೀರು ಮುಖಕ್ಕೆ ತಾಗಿದರೆ ಮೈ ಹೃದಯಕ್ಕೆ ‘ನಿಧಾನ’ ಅನ್ನುತ್ತದೆ, ಈಜುವ ಕೈಕಾಲು ‘ಜೋರು’ ಅನ್ನುತ್ತವೆ. ಆ ಎರಡರ ನಡುವೆ ಸಿಕ್ಕ ಹೃದಯ ಸಜ್ಜಾಗುವ ಮೊದಲೇ ಬಡಿಯಲು ಹೋಗಿ ಹಾದಿ ತಪ್ಪುತ್ತದೆ.

“ಇದು ವಂಶದಾಗ ಬರೋದು. ನಿಮ್ಮ ಮನ್ಯಾಗ ಸಣ್ಣ ವಯಸ್ಸಿನ್ಯಾಗ ಯಾರರೆ ಒಮ್ಮಿಂದೊಮ್ಮೆಲೆ ತೀರ್ಕೊಂಡಾರೇನ್ರಿ?”

“ಇಲ್ರಿ,” ಎಂದ ಸಿದರಾಯ. ಆಮೇಲೆ ಮಗಳ ಕಡೆ ತಿರುಗಿ, “ನೀ ನೀರಿಗೆ ಇಳೀತಿದ್ದಿ?” ಎಂದು ಕೇಳಿದ.

“ವಾರಕ್ಕ ಎರಡು ದಿನ ಪೂಲಿಗೆ ಕರ್ಕೊಂಡ್ ಹೋಗ್ತಾರ. ನಿನಗ ಹೇಳಿದ್ದಿಲ್ಲ.” ಅವಳು ಕ್ಷಣ ತಡೆದು ಕೇಳಿದಳು, “ಅಪ್ಪಾ, ಸುರೇಖಾ ಅತ್ತಿ?”

“ಆಕಿದು ಬ್ಯಾರೆ.”

“ಯಾರ್ರಿ ಸುರೇಖಾ?” ಶಹನಾಜ್ ಪೆನ್ನು ಕೆಳಗಿಟ್ಟರು.

“ನನ್ನ ತಂಗಿ. ಆಕಿನ್ನ ಗಂಡ ಹೊಡ್ದು ಬಾವ್ಯಾಗ ಒಗದ. ಕೋರ್ಟಿನ್ಯಾಗ ಸಾಬೀತಾಗ್ಯದ.” ಸಿದರಾಯನ ಧ್ವನಿ ಬೇಕಾದುದಕ್ಕಿಂತ ದೊಡ್ಡದಾಗಿತ್ತು.

*

ತಿಕೋಟಾದ ಮನೆಯಲ್ಲಿ ಹತ್ತು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮನೆಯವರ ರಕ್ತವನ್ನೆಲ್ಲ ಪರೀಕ್ಷಿಸಿದರು. ಸಿದರಾಯನ ಹೆಂಡತಿ ಶೈಲಾಳಲ್ಲಿ ದೋಷವಿರಲಿಲ್ಲ. ಸಿದರಾಯನಲ್ಲಿತ್ತು. ಅವನ ತಾಯಿ, ಎಂಬತ್ತು ಸಮೀಪಿಸಿದ ಗೌರವ್ವನಲ್ಲೂ ಇತ್ತು. ಅವರಿಬ್ಬರ ಜೋಡಿಹೃದಯವನ್ನೂ ಕೇಂದ್ರದಲ್ಲಿ ಕಟ್ಟಿದರು. ಇಷ್ಟು ವರ್ಷ ಸುಮ್ಮನಿದ್ದದ್ದು ಮೂರು ತಲೆಮಾರು ದಾಟಿ ಬಂದಿತ್ತು. ಕೆಲವರನ್ನು ಮುಟ್ಟುವುದೇ ಇಲ್ಲ ಎಂದಿದ್ದರು ಶಹನಾಜ್. ಯಾರನ್ನು ಬಿಡುತ್ತದೆ, ಯಾರನ್ನು ಹಿಡಿಯುತ್ತದೆ ಅನ್ನುವುದು ಇನ್ನೂ ಯಾರಿಗೂ ತಿಳಿಯದು.

ನೀಲಗಂಗಾಳಿಗೆ ದಿನಕ್ಕೆರಡು ಮಾತ್ರೆ ಕೊಟ್ಟರು. ಬಡಿತ ತಪ್ಪಿದರೆ ಒಳಗಿಂದಲೇ ಕರೆಂಟ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರವೊಂದನ್ನು ಪಕ್ಕೆಯ ಚರ್ಮದಡಿ ಕೂರಿಸಿದರು. ಆಯ್ಕೆಯ ಪಟ್ಟಿಯಿಂದ ಹೆಸರು ಹೋಯಿತು. ಹಾಸ್ಟೆಲಿನಿಂದ ಅವಳ ಸೈಕಲ್ಲು ಟೆಂಪೊದಲ್ಲಿ ಮನೆಗೆ ಬಂದ ದಿನ ಅವಳು ಅದನ್ನು ಒಳಗೆ ತರಲೂ ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು, ಹಾದಿಬೀದಿಯವರು ನೋಡುವಂತೆ ಅತ್ತಳು. ಮರುದಿನ ಅಳು ನಿಂತಿತು. ಅದರ ಜಾಗದಲ್ಲಿ ಪ್ರಶ್ನೆಗಳು ಶುರುವಾದವು.

“ಆಯಿ, ಸುರೇಖಾ ಅತ್ತಿಗಿ ಈಜು ಬರ್ತಿತ್ತಾ?”

ಅಜ್ಜಿ ಗೌರವ್ವ ಜೋಳ ಹಸನು ಮಾಡುತ್ತಿದ್ದಳು. “ಬರ್ತಿತ್ತಾ ಅಂತೀಯಲ್ಲ. ನಿಮ್ಮಪ್ಪನೇ ಆಕಿ ಸೊಂಟಕ್ಕ ಬೆಂಡು ಕಟ್ಟಿ ಕಲಿಸಿದ್ದ. ಗಂಡು ಹುಡುಗರು ಹೆದರೂ ಅಷ್ಟು ಎತ್ತರದಿಂದ ಜಿಗೀತಿದ್ಲು.”

“ಮತ್ತ ಹೆಂಗ ಮುಳುಗಿದ್ಲು?”

“ಅದನ್ನ ಕೋರ್ಟಿನ್ಯಾಗೂ ಕೇಳಿದ್ರವ್ವ,” ಎಂದು ಹೇಳಿ ಮುದುಕಿ ಮೊರ ಕೆಳಗಿಟ್ಟಳು.

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಸುರೇಖಾಳಿಗೆ ಇಪ್ಪತ್ತು ತುಂಬಿತ್ತು. ಸಾವಳಕೇರಿಯ ರೇವಣಸಿದ್ಧನಿಗೆ ಕೊಟ್ಟು ಎಂಟು ತಿಂಗಳಾಗಿತ್ತು. ಒಂದು ಮುಂಜಾನೆ ಗಂಡನ ಹೊಲದ ಬಾವಿಯಲ್ಲಿ ಅವಳ ಹೆಣ ತೇಲಿತು. ಹಣೆಯ ಮೇಲೆ ಗಾಯ. ಶ್ವಾಸಕೋಶದಲ್ಲಿ ಮುಳುಗಿದವರಷ್ಟು ನೀರಿಲ್ಲ. ಹೃದಯ ಆರೋಗ್ಯವಾಗಿದೆ, ತೂಕ ಇನ್ನೂರ ಮೂವತ್ತು ಗ್ರಾಂ ಎಂದು ಮರಣೋತ್ತರ ಪರೀಕ್ಷೆಯ ವರದಿ ಹೇಳಿತು. ಮೀನಿನಂತೆ ಈಜುವ ಹೆಣ್ಣುಮಗಳು ಎರಡಾಳು ನೀರಿನಲ್ಲಿ ಮುಳುಗಿ ಸಾಯುವುದುಂಟೆ ಎಂದು ಸರಕಾರಿ ವಕೀಲರು ಕೇಳಿದಾಗ ಕೋರ್ಟಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಣ್ಣ ಸಿದರಾಯನ ಸಾಕ್ಷಿಯಿತ್ತು. ಸಾಯುವ ಹಿಂದಿನ ಶುಕ್ರವಾರ ತಂಗಿಯ ಮನೆಗೆ ಹೋಗಿದ್ದೆ, ರೇವಣಸಿದ್ಧ ಅವಳ ತಲೆ ಹಿಡಿದು ಗೋಡೆಗೆ ಬಡಿಯುವುದನ್ನು ಕಣ್ಣಾರೆ ಕಂಡೆ ಎಂದು ಅವನು ಕಟಕಟೆಯಲ್ಲಿ ನಿಂತು ಹೇಳಿದ್ದ. ರೇವಣಸಿದ್ಧ ಹತ್ತು ವರ್ಷ ಜೈಲಿನಲ್ಲಿದ್ದು ಬಂದ.

ಸಿದರಾಯ ಆ ಮಾತನ್ನು ಕೋರ್ಟಿನಲ್ಲಿ, ಬಳಗದಲ್ಲಿ, ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ ಈಗ ಕಣ್ಣು ಮುಚ್ಚಿದರೆ ಆ ಗೋಡೆ, ಆ ಸುಣ್ಣ, ತಂಗಿಯ ಬಿಚ್ಚಿದ ತುರುಬು ಎಲ್ಲ ಅವನಿಗೆ ಕಾಣುತ್ತಿದ್ದವು.

ಆ ವಾರವೇ ನೀಲಗಂಗಾ ಯಾರಿಗೂ ಹೇಳದೆ ಬಸ್ಸು ಹತ್ತಿ ಶಹನಾಜರ ಬಳಿ ಹೋಗಿ ಬಂದಳು. ಬಂದವಳು ನೇರ ಅಪ್ಪನ ಅಂಗಡಿಗೇ ಹೋಗಿ, ವೆಲ್ಡಿಂಗಿನ ಕಿಡಿ ಆರುವವರೆಗೆ ಕಾದು ನಿಂತಳು.

“ಅತ್ತಿದೂ ಜೋಡಿ ಮಾಡಬಹುದಂತ, ಅಪ್ಪಾ.”

“ಸತ್ತು ಮಣ್ಣಾದಾಕಿದು ಏನ್ ಜೋಡಿ?”

“ಕೂದಲು ಬೇಕು, ಬೇರು ಸಹಿತ. ಮತ್ತ ಪೋಸ್ಟ್‌ಮಾರ್ಟಮ್ ಕಾಗದ. ಹೃದಯದ ತೂಕ, ಮೈ ಅಳತಿ ಎಲ್ಲಾ ಅದ್ರಾಗ ಇರ್ತದಂತ. ನಮ್ಮ ಮೂರೂ ಮಂದಿ ಹೃದಯ ಹೆಂಗೂ ಅವರ ಹತ್ರ ಅದ. ಈ ದೋಷ ಸತ್ತ ಹೃದಯದಾಗ ಕಾಣಂಗಿಲ್ಲಂತ. ಬಡಿಯೂ ಹೃದಯದಾಗಷ್ಟೇ ಕಾಣ್ತದಂತ. ಅದಕ್ಕ ಆಗಿನ ಡಾಕ್ಟರಿಗೆ ಗೊತ್ತಾಗಿಲ್ಲ.”

“ಕೂದಲು ಎಲ್ಲಿಂದ ತರ್ತಿ?”

ನೀಲಗಂಗಾ ಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದಳು. ಒಳಗೆ ಕಪ್ಪು ಚೌರಿ. ಸುರೇಖಾ ತಲೆ ಬಾಚಿದಾಗ ಉದುರಿದ ಕೂದಲನ್ನೆಲ್ಲ ಗೌರವ್ವ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ ಕೂಡಿಟ್ಟು, ಮದುವೆಗೆಂದು ಮಗಳಿಗೆ ಹೆಣೆಸಿದ್ದ ಚೌರಿ ಅದು. ಅದು ಇನ್ನೂ ಮನೆಯಲ್ಲಿದೆಯೆಂದು ಸಿದರಾಯನಿಗೆ ಗೊತ್ತಿರಲಿಲ್ಲ.

“ಆಯಿನೇ ತಗದು ಕೊಟ್ಲು. ಕಾಗದ ನಿನ್ನ ಹತ್ರ ಅದಾವಂತ. ಕೊಡು.”

ಕೊಡುವುದಿಲ್ಲ ಎನ್ನಲು ಸಿದರಾಯನಿಗೆ ಕಾರಣ ಸಿಗಲಿಲ್ಲ. ಕೊಟ್ಟರೆ ತನ್ನ ಮಾತೇ ಗಟ್ಟಿಯಾಗುತ್ತದೆ, ಹುಡುಗಿಯ ಹುಚ್ಚು ಬಿಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಟ್ರಂಕಿನ ಬೀಗ ತೆಗೆದು, ಕಾಗದದ ಕಟ್ಟನ್ನು ಬಿಚ್ಚದೆಯೇ ಮಗಳ ಕೈಗಿಟ್ಟ.

*

ಮೂರು ವಾರದ ಮೇಲೆ ಕೇಂದ್ರದಿಂದ ಕರೆ ಬಂತು. ಈ ಸಲ ಶಹನಾಜ್ ತೆರೆಯನ್ನು ಮೊದಲೇ ಹಚ್ಚಿರಲಿಲ್ಲ. ಇಬ್ಬರನ್ನೂ ಕೂರಿಸಿ, ತಾವೂ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

“ಸಿದರಾಯಪ್ಪ, ಮೊದಲ ಒಂದು ಮಾತು. ಇದು ನೂರಕ್ಕ ನೂರು ಅವರ ಹೃದಯ ಅಂತ ನಾ ಹೇಳಂಗಿಲ್ಲ. ಸತ್ತವರದು ನಾವು ಹಿಂದ ಮಾಡಿದ್ದೇ ಇಲ್ಲ. ಆದ್ರ ಅವರ ಕೂದಲಿನ್ಯಾಗ ಅದೇ ದೋಷ ಸಿಕ್ಕದ. ನಿಮ್ಮ ಮಗಳಿಗಿರೋದೇ.”

“ನನಗೂ ಅದಲ್ರಿ. ನಾ ಸತ್ತಿಲ್ಲಲ್ಲ.”

“ಹೌದು. ಅದಕ್ಕ ಜೋಡಿ ಕಟ್ಟಿದ್ವಿ. ನೀವು ಉಳದದ್ದು, ಅವರು ಹೋದದ್ದು ಯಾಕ ಅಂತ ನೋಡಬೇಕಾಗಿತ್ತು. ನಿಮ್ಮ ಜೋಡಿ ಸಾವಿರ ಸರ್ತಿ ನೀರಿಗಿಳಿದ್ರೂ ಒಮ್ಮೆನೂ ನಿಂತಿಲ್ಲ. ನೀಲಾಂದು ಮೂರು ಸರ್ತಿ.” ಶಹನಾಜ್ ಉಸಿರು ತೆಗೆದುಕೊಂಡರು. “ಸುರೇಖಾ ಅವರದು ಹನ್ನೊಂದು.”

ಸಿದರಾಯ ಇನ್ನೂ ಹಚ್ಚದ ತೆರೆಯ ಕಡೆ ನೋಡಿದ.

“ಹೃದಯ ನಿಂತು ಏಳೆಂಟು ಸೆಕೆಂಡಿಗೆ ಎಚ್ಚರ ತಪ್ತದ. ಆಮೇಲೆ ಉಸಿರಾಟನೂ ಬಲ ಕಳ್ಕೋತದ, ಅದಕ್ಕ ನೀರು ಹೆಚ್ಚು ಒಳಗ ಹೋಗಂಗಿಲ್ಲ. ತಲಿ ಕಲ್ಲಿಗೆ ಬಡದು ಗಾಯ ಆಗಿರಬಹುದು. ನಿಮ್ಮ ಕಾಗದದಾಗ ಬರದದ್ದೆಲ್ಲಾ ಇದಕ್ಕ ಹೊಂದ್ತದ. ಈಜು ಬರೋವ್ರು ಮುಳುಗತಾರೇನು ಅಂತ ಕೇಳಿದ್ರಲ್ಲ. ಹಿಂಗ ಮುಳುಗತಾರ.”

“ಹಂಗಾದ್ರ ಅಂವ…” ಎಂದ ಸಿದರಾಯ. ಕಿವಿಯಲ್ಲಿ ಗ್ರೈಂಡರ್ ಮೊರೆದಂತಾಯಿತು. ಕೂತಲ್ಲೇ ಮುಂದಕ್ಕೆ ವಾಲಿದವನನ್ನು ನೀಲಗಂಗಾ ಹೆಗಲು ಹಿಡಿದು ತಡೆದಳು. ಶಹನಾಜ್ ಓಡಿ ಬಂದು ಎದೆಗೆ ಯಂತ್ರ ಹಚ್ಚಿದರು. ಅವನ ಹೃದಯ ಸರಿಯಾಗಿಯೇ ಬಡಿಯುತ್ತಿತ್ತು.

“ಯಾರೂ ಕೊಂದಿಲ್ಲ ಅಂತ ಜೋಡಿ ಹೇಳಂಗಿಲ್ರಿ,” ಎಂದರು ಶಹನಾಜ್ ಮೆಲ್ಲಗೆ. “ಯಾರೂ ಕೊಲ್ಲದಲೇ ಹಿಂಗಾಗಬಹುದು ಅಂತಷ್ಟೇ ಹೇಳ್ತದ. ಅಂವ ಹೊಡಿಯೋದನ್ನ ನೀವು ನೋಡೀರಿ ಅಂತ ಕಾಗದದಾಗ ಅದ. ಅದನ್ನ ನಾ ಹೆಂಗ ಅಳೀಲಿ?”

ಬಸ್ಸಿನಲ್ಲಿ ಬರುವಾಗ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅರ್ಧ ದಾರಿಗೆ ಬಂದ ಮೇಲೆ ಕೇಳಿದಳು, “ಅಂವ ಅತ್ತಿಗಿ ಬಡಿಯೂದು ನೀ ಖರೇನೆ ನೋಡಿದ್ದೇನು?”

“ನೋಡೀನಿ,” ಎಂದ ಸಿದರಾಯ.

*

ಗೌರವ್ವನಿಗೆ ಹೇಳಿದ್ದು ನೀಲಗಂಗಾ. ಮುದುಕಿ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಸೊಸೆ ಶೈಲಾಳನ್ನೂ ಮೊಮ್ಮಗಳನ್ನೂ ಹೊರಗೆ ಕಳಿಸಿ, ಮಗನನ್ನು ಎದುರಿಗೆ ಕೂರಿಸಿಕೊಂಡಳು. ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಿದ್ದಿತ್ತು.

“ಸಿದರಾಯಾ, ಆ ಶುಕ್ರವಾರ ನೀ ಸೊಲ್ಲಾಪುರದಾಗ ಇದ್ದಿ.”

ಅವನು ತಲೆ ಎತ್ತಿದ.

“ವೆಲ್ಡಿಂಗ್ ಮಷೀನ್ ತರಾಕ ಹೋಗಿದ್ದಿ. ಶನಿವಾರ ಊಟದ ಹೊತ್ತಿಗೆ ಬಂದಿ. ನನಗ ಎರಡು ಚಾದರ ತಂದಿದ್ದಿ.”

“ಅವ್ವಾ…”

“ಕಟಕಟಿಗೆ ಹತ್ತಿ ನೀ ಹಂಗ ಅಂದಾಗ ನಾ ಅಲ್ಲೇ ಬಾಕಿನ ಮ್ಯಾಲ ಕುಂತಿದ್ದೆ. ನನ್ನ ಮಗಳನ್ನ ಅಂವನೇ ಕೊಂದಾನ ಅಂತ ನನಗೂ ಖಾತ್ರಿ ಇತ್ತು. ಸುಳ್ಳಾದ್ರ ಆಗ್ಲಿ, ಅಂವ ಮಾತ್ರ ಹೊರಗ ಬರಬಾರದು ಅಂತ ಬಾಯಿ ಮುಚ್ಕೊಂಡೆ.” ಅವಳು ಎರಡೂ ಕೈಯನ್ನು ನೆಲಕ್ಕೆ ಊರಿದಳು. “ಆ ಹುಡುಗನ ಅವ್ವ ಕೋರ್ಟಿನ ಮೆಟ್ಟಲ ಮ್ಯಾಲ ನನ್ನ ಕಾಲು ಹಿಡಿದಿದ್ಲು. ಕಾಲು ಝಾಡಿಸಿ ಬಂದೀನಿ ನಾ.”

ಸಿದರಾಯನಿಗೆ ಆ ಗೋಡೆಯನ್ನು ನೆನಪಿಸಿಕೊಳ್ಳಬೇಕು ಅನ್ನಿಸಿತು. ಸುಣ್ಣ, ತುರುಬು, ಬಡಿವ ಕೈ. ಯಾವುದೂ ಬರಲಿಲ್ಲ. ಅದರ ಬದಲು ಸೊಲ್ಲಾಪುರದ ಅಂಗಡಿಯೊಂದು ಕಂಡಿತು. ಮರದ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಇಟ್ಟ ಹೊಸ ಮಷೀನು, ಅದರ ಮೇಲೆ ಗಿರಾಕಿಯೊಬ್ಬ ಇಟ್ಟು ಮರೆತುಹೋದ ಚಹಾದ ಲೋಟ. ಇಪ್ಪತ್ತೊಂಬತ್ತು ವರ್ಷ ಅವನು ನೋಡದೆ ಇಟ್ಟಿದ್ದ ಶುಕ್ರವಾರ ಅಷ್ಟು ಸ್ಪಷ್ಟವಾಗಿತ್ತು. ಅವನು ಎದ್ದು ಹೊರಗೆ ಹೋಗಿ, ನಾಳೆ ಸಾವಳಕೇರಿಗೆ ಹೋಗೋಣ ಎಂದು ಮಗಳಿಗೆ ಹೇಳಿದ.

*

ಸಾವಳಕೇರಿಯಲ್ಲಿ ರೇವಣಸಿದ್ಧ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಮತ್ತೆ ಮದುವೆಯಾಗಿರಲಿಲ್ಲ, ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಸಿದರಾಯ ಮಗಳೊಂದಿಗೆ ಬಂದು ನಿಂತಾಗ ಅವನು ಹುಬ್ಬು ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಂಡು ಡಬ್ಬಿಗೆ ಹಿಟ್ಟು ತುಂಬುತ್ತಿದ್ದ. ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತು ಸಿಕ್ಕಿದ ಮೇಲೂ ಹಿಟ್ಟು ತುಂಬಿ ಮುಗಿಸಿದ, ಡಬ್ಬಿಯ ಮುಚ್ಚಳ ಒತ್ತಿದ, ಹೆಣ್ಣುಮಗಳೊಬ್ಬಳ ತಲೆಯ ಮೇಲೆ ಅದನ್ನು ಹೊರಿಸಿ ಕಳಿಸಿದ. ಆಮೇಲೆ ಗಿರಣಿ ಬಂದ್ ಮಾಡಿದ.

“ಏನ್ ಬಂದ್ರಿ?” ಮದುವೆಯಾದ ಹೊಸದರಲ್ಲಿ ಸಿದರಾಯನಿಗೆ ‘ನೀನು’ ಅನ್ನುತ್ತಿದ್ದವನು.

ಸಿದರಾಯ ಹೇಳಲು ಹೋದ. ಜೋಡಿ, ಬಾಗಿಲು, ತಣ್ಣೀರು ಎಂದೆಲ್ಲ ತೊದಲಿದ. ಕಡೆಗೆ ನೀಲಗಂಗಾ ಮುಂದೆ ಬಂದು, ತನ್ನ ಪಕ್ಕೆಯಲ್ಲಿ ಉಬ್ಬಿದ್ದ ಯಂತ್ರವನ್ನು ಕುಪ್ಪಸದ ಮೇಲಿನಿಂದಲೇ ಮುಟ್ಟಿ ತೋರಿಸಿ, ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದಳು. ರೇವಣಸಿದ್ಧ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಮುಗಿಸಿದ ಮೇಲೆ ಅವನು ಕೇಳಿದ ಮಾತು ಇಬ್ಬರೂ ನಿರೀಕ್ಷಿಸಿದ್ದಲ್ಲ.

“ಅಂದ್ರ, ಆಕಿ ತಾನಾಗಿ ಜಿಗದಿದ್ದಲ್ಲಾ?”

“ಅಲ್ರಿ ಮಾಮಾ. ಈಜಾಕ ಇಳಿದಿದ್ಲು.”

ರೇವಣಸಿದ್ಧ ಜೋಳದ ಚೀಲದ ಮೇಲೆ ಕೂತುಬಿಟ್ಟ. “ಆ ಮುಂಜಾನೆ ನಾ ಆಕಿಗೆ ಬೈದಿದ್ದೆ. ಬುತ್ತಿ ತಡಾ ಮಾಡಿ ತಂದ್ಲು ಅಂತ. ಅಷ್ಟ. ನಾ ಕೊಂದಿಲ್ಲ ಅಂತ ನನಗ ಗೊತ್ತಿತ್ತು, ಯಾರರೆ ಕೊಂದಾರ ಅಂತನೂ ಅನಿಸಿದ್ದಿಲ್ಲ. ನನ್ನ ಬೈಗಳಕ್ಕ ಜಿಗದ್ಲು ಅಂತನೇ ತಿಳದಿದ್ದೆ. ಹತ್ತು ವರ್ಷ ಒಳಗ ಇದ್ದಾಗ ಇದು ನನಗ ಬರಬೇಕಾದ ಶಿಕ್ಷಾನೇ ಅಂತ ಕುಂತಿದ್ದೆ.” ಮುಖ ಒರೆಸಿಕೊಂಡ. ಹಿಟ್ಟು ಕಣ್ಣೀರಿಗೆ ಕಲಸಿ ಕೆನ್ನೆಗೆ ಮೆತ್ತಿತು. “ಸಿಟ್ಟಾಗಿ ಹೋಗಿಲ್ಲ ಹಂಗಾದ್ರ.”

ಸಿದರಾಯ ಕೈ ಮುಗಿದು ನಿಂತಿದ್ದ. “ರೇವಣಸಿದ್ಧಾ, ಆ ಶುಕ್ರವಾರ ನಾ ನಿಮ್ಮ ಮನಿಗೆ ಬಂದಿದ್ದಿಲ್ಲ.”

ನೀಲಗಂಗಾ ತಂದೆಯ ಕಡೆ ತಿರುಗಿದಳು. ಅವಳಿಗೆ ಇದು ಈಗಲೇ ತಿಳಿದದ್ದು. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು ರೇವಣಸಿದ್ಧನ ಪಕ್ಕಕ್ಕೆ ಹೋಗಿ ನಿಂತಳು.

“ಅದು ನನಗ ಗೊತ್ತಿಲ್ಲೇನ್ರಿ?” ಎಂದ ರೇವಣಸಿದ್ಧ. “ನೀವು ಬಂದಿದ್ದಿಲ್ಲ ಅಂತ ನನಗೂ ಗೊತ್ತು, ನಮ್ಮವ್ವಗೂ ಗೊತ್ತಿತ್ತು. ಆಕಿ ಸತ್ತು ಹತ್ತೊಂಬತ್ತು ವರ್ಷ ಆತು, ನಾ ಹೊರಗ ಬರೂ ಮೂರು ತಿಂಗಳ ಮೊದಲ. ಇದನ್ನ ನನ್ನ ಮುಂದ ಹೇಳಿ ಏನು ಮಾಡ್ತೀರಿ? ಎಲ್ಲಿ ನಿಂತು ಹೇಳಿದ್ರಿ, ಅಲ್ಲೇ ನಿಂತು ಹೇಳ್ರಿ.”

ಅವನು ಎದ್ದು ಗಿರಣಿ ಚಾಲೂ ಮಾಡಿದ. ಆ ಸದ್ದಿನಲ್ಲಿ ಮತ್ತೆ ಯಾರ ಮಾತೂ ಕೇಳಿಸುವಂತಿರಲಿಲ್ಲ.

*

ಸಿದರಾಯ ಅರ್ಜಿ ಕೊಟ್ಟ. ಸುಳ್ಳು ಸಾಕ್ಷಿಗೆ ಈ ವಯಸ್ಸಿನಲ್ಲಿ ಜೈಲಾಗಬಹುದೆಂದು ವಕೀಲರು ಎಚ್ಚರಿಸಿದರು. ಶೈಲಾ ಅತ್ತಳು. ಗೌರವ್ವ ತನ್ನ ಹೇಳಿಕೆಯನ್ನೂ ಬರೆದುಕೊಳ್ಳಿ ಎಂದು ಹೆಬ್ಬೆಟ್ಟು ಒತ್ತಿದಳು. ಐದು ತಿಂಗಳ ಮೇಲೆ ಪ್ರಕರಣ ಮತ್ತೆ ತೆರೆಯಿತು. ಜೋಡಿಯನ್ನು ಕಣ್ಣಾರೆ ನೋಡಿ ವರದಿ ಕೊಡಲು, ಸಾಕ್ಷಿಯ ಹೊಸ ಹೇಳಿಕೆಯನ್ನು ಅಲ್ಲೇ ದಾಖಲಿಸಲು ಕೋರ್ಟು ಹಿರಿಯ ವಕೀಲೆಯೊಬ್ಬರನ್ನು ಕಮಿಷನರ್ ಆಗಿ ನೇಮಿಸಿತು.

ಆ ಹೊತ್ತಿಗೆ ನೀಲಗಂಗಾ ಮತ್ತೆ ಸೈಕಲ್ಲು ಹತ್ತಿದ್ದಳು. ಸ್ಪರ್ಧೆಗಲ್ಲ. ನಾಡಿ ನೂರಿಪ್ಪತ್ತು ಮೀರಬಾರದು ಎಂಬ ಕಟ್ಟಳೆಯಲ್ಲಿ ದಿನಕ್ಕೆ ಒಂದು ತಾಸು. ಹಾಸ್ಟೆಲಿನ ಹೊಸ ಹುಡುಗಿಯರು ಅವಳನ್ನು ಹಿಂದೆ ಹಾಕಿ ಹೋಗುತ್ತಿದ್ದರು. ತಂದೆಯೊಡನೆ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು.

ಗೊತ್ತುಪಡಿಸಿದ ದಿನ ಕೇಂದ್ರದ ಆ ಕೋಣೆಯಲ್ಲಿ ಐದು ಜನ ಸೇರಿದರು. ರೇವಣಸಿದ್ಧ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸಿದರಾಯನಿಂದ ದೂರ, ನೀಲಗಂಗಾಳ ಪಕ್ಕ ಕೂತ. ಶಹನಾಜ್ ತೆರೆ ಹಚ್ಚಿದರು. ಇಪ್ಪತ್ತು ವರ್ಷದ ಹೆಣ್ಣುಮಗಳ ಹೃದಯ, ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಸಾವಕಾಶ ಬಡಿಯುತ್ತಿತ್ತು.

“ಇದು ಅವರು ಆರಾಮ ಕುಂತಾಗಿನ ಬಡಿತ. ಇನ್ನ ನೀರಿಗಿಳಿಸ್ತೀನಿ,” ಎಂದರು ಶಹನಾಜ್.

“ತಡೀರಿ,” ಎಂದ ರೇವಣಸಿದ್ಧ. “ಒಂದೈದು ನಿಮಿಷ ಹಿಂಗ ಬಿಡ್ರಿ.”

ಕಮಿಷನರ್ ಗಡಿಯಾರ ನೋಡಿಕೊಂಡರು, ಆದರೆ ಬೇಡವೆನ್ನಲಿಲ್ಲ. ಸಿದರಾಯನಿಗೆ ತೆರೆಯ ಕಡೆ ನೋಡಲಾಗಲಿಲ್ಲ. ಅವನು ನೆಲ ನೋಡಿದ, ತನ್ನ ಚಪ್ಪಲಿ ನೋಡಿದ. ಐದು ನಿಮಿಷ ಅಷ್ಟು ದೀರ್ಘವಾಗಿರಬಹುದೆಂದು ಅವನಿಗೆ ಗೊತ್ತಿರಲಿಲ್ಲ.

“ಇನ್ನ ಇಳಸ್ರಿ,” ಎಂದ ರೇವಣಸಿದ್ಧ.

ಒಂದೊಂದು ಈಜನ್ನೂ ಯಂತ್ರ ನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತಿತ್ತು. ಮೂಲೆಯಲ್ಲಿ ಎಣಿಕೆ ಏರುತ್ತ ಹೋಯಿತು. ಬಡಿತ ಜೋರಾಗುತ್ತಿತ್ತು, ತಗ್ಗುತ್ತಿತ್ತು, ದಡ ಸೇರುತ್ತಿತ್ತು. ಹತ್ತು. ಮೂವತ್ತು. ಐವತ್ತು. ಪ್ರತಿ ಸಲವೂ ರೇವಣಸಿದ್ಧನ ಹೆಗಲು ಬಿಗಿದು ಸಡಿಲಾಗುತ್ತಿತ್ತು. ಎಪ್ಪತ್ತರ ಹೊತ್ತಿಗೆ ಸಿದರಾಯನೂ ತಲೆಯೆತ್ತಿ ನೋಡುತ್ತಿದ್ದ. ನಿಲ್ಲಲಾರದು, ಯಂತ್ರವೇ ತಪ್ಪು, ಇವಳು ಇನ್ನು ಸಾಯುವುದಿಲ್ಲ ಎಂಬ ಹುಚ್ಚು ಆಸೆ ಅವನೊಳಗೆ ಎದ್ದಿತು. ತೊಂಬತ್ತೆರಡು ಸಲ ಸುರೇಖಾ ನೀರಿನಿಂದ ಎದ್ದು ಬಂದಳು.

ತೊಂಬತ್ಮೂರನೆಯ ಸಲ ಬರಲಿಲ್ಲ.

ಬಾಯಿಂದ ಕೂಗು ಹೊರಟದ್ದು ಸಿದರಾಯನದು. ರೇವಣಸಿದ್ಧ ಅಲುಗಲಿಲ್ಲ. ತೆರೆ ಪೂರ್ತಿ ನಿಶ್ಚಲವಾಗುವವರೆಗೂ ಕಣ್ಣು ತೆಗೆಯದೆ ನೋಡಿದ. ಆಮೇಲೆ ಶಹನಾಜರಿಗೆ, “ತ್ರಾಸ ಆಗಿರ್ತದೇನ್ರಿ ಆಕಿಗೆ?” ಎಂದು ಕೇಳಿದ.

“ಇಲ್ಲ. ಗೊತ್ತಾಗೂದ್ರಾಗ ಮುಗದಿರ್ತದ.”

ಅವನು ತಲೆಯಾಡಿಸಿದ. ಕಮಿಷನರ್ ಬರೆಯುವುದನ್ನು ಮುಗಿಸಿ, ಹೊಸ ಹಾಳೆ ತೆಗೆದು, ಸಿದರಾಯನ ಕಡೆ ತಿರುಗಿದರು. ಹೆಸರು, ವಯಸ್ಸು, ಊರು ಕೇಳಿ ಬರೆದುಕೊಂಡರು. ಸತ್ಯವನ್ನೇ ಹೇಳುತ್ತೇನೆಂದು ಅವನಿಂದ ಪ್ರಮಾಣ ಮಾಡಿಸಿದರು.

“ಸುರೇಖಾ ತೀರಿಕೊಳ್ಳುವ ಹಿಂದಿನ ಶುಕ್ರವಾರ ಆರೋಪಿ ಆಕೆಯನ್ನು ಹೊಡೆಯುವುದನ್ನು ನೀವು ಕಂಡಿರಾ?”

ಸಿದರಾಯ ಎದ್ದು ನಿಂತ. ಕೂತೇ ಹೇಳಬಹುದು ಎಂದರು ಕಮಿಷನರ್. ಅವನು ಕೂರಲಿಲ್ಲ. ನೀಲಗಂಗಾ ಅವನನ್ನೇ ನೋಡುತ್ತಿದ್ದಳು. ಅವನು ರೇವಣಸಿದ್ಧನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.

“ಕಂಡಿಲ್ರಿ. ನಾ ಏನೂ ಕಂಡಿಲ್ಲ.”